ವೈರ್‌ಲೆಸ್ ಇಯರ್‌ಬಡ್: ಎಡಗಡೆ ಬಡ್‌ನಲ್ಲಿ ಬೇಸ್ (ತಗ್ಗಿನ ಸದ್ದು) ಸತ್ತೇ ಹೋಗಿದೆ, ಎಎನ್‌ಸಿ (ಹೊರಗಿನ ಗದ್ದಲ ಅಡಗಿಸೋ ಸೌಲಭ್ಯ) ಇದ್ದೂ ಇಲ್ಲದ ಹಾಗೆ. ದಯವಿಟ್ಟು ಯಾರಾದ್ರೂ ನೋಡಿ

ತಗಡುಸದ್ದು:
ಮೂರು ದಿನದಿಂದ ತಲೆ ಕೆಟ್ಟಿದೆ. ಬಲಗಡೆ ಸರಿಯಾಗಿದೆ. ಎಡಗಡೆ ಮಾತ್ರ ಹಾಡು ತಗಡು ಬಡಿದ ಹಾಗೆ ಕೇಳ್ತಿದೆ. ಎಎನ್‌ಸಿ ಆನ್ ಮಾಡಿದ್ರೆ ಬಲಗಿವಿಯಲ್ಲಿ ಫ್ಯಾನಿನ ಸದ್ದು ಅಡಗುತ್ತೆ, ಎಡಗಿವಿಯಲ್ಲಿ ಗುಂಯ್ ಅನ್ನೋದು ಹಾಗೇ ಇರುತ್ತೆ. ರೀಸೆಟ್ ಮಾಡಿದೆ, ಫರ್ಮ್‌ವೇರ್ ಅಪ್‌ಡೇಟ್ ಮಾಡಿದೆ, ಪೇರಿಂಗ್ ತೆಗೆದು ಮತ್ತೆ ಮಾಡಿದೆ. ಆಪ್‌ನ ಫಿಟ್ ಟೆಸ್ಟ್ ಎರಡೂ ಕಡೆ ಹಸಿರು ತೋರಿಸಿದೆ, ಹಾಗಾಗಿ ಫಿಟ್ಟಿಂಗ್ ಸರಿ ಇಲ್ಲ ಅಂತ ಹೇಳ್ಬೇಡಿ. ಡ್ರೈವರ್, ಅಂದ್ರೆ ಒಳಗಿನ ಪುಟ್ಟ ಸ್ಪೀಕರ್, ಹೋಗಿದೆಯಾ? ವಾರಂಟಿ ಮುಗಿದಿದೆ.

ಬಿಟ್‌ರೇಟ್990:
ಮಾಡೆಲ್ ಯಾವುದು, ಫೋನ್ ಯಾವುದು, ಏನೂ ಬರೆದಿಲ್ಲ ನೀವು. ನನಗೆ ಕೋಡೆಕ್ (ಬ್ಲೂಟೂತ್‌ನಲ್ಲಿ ಹಾಡನ್ನ ಕುಗ್ಗಿಸಿ ಕಳಿಸೋ ವಿಧಾನ) ಮೇಲೇ ಅನುಮಾನ. ಎಲ್‌ಡ್ಯಾಕ್ ಅನ್ನೋ ಕೋಡೆಕ್ ತಾನಾಗಿಯೇ ಸೆಕೆಂಡಿಗೆ 330 ಕಿಲೋಬಿಟ್‌ಗೆ ಇಳಿದಿರುತ್ತೆ. ಡೆವಲಪರ್ ಆಪ್ಷನ್ಸ್‌ನಲ್ಲಿ 990ಕ್ಕೆ ಕಟ್ಟಿಹಾಕಿ ನೋಡಿ.

ತಗಡುಸದ್ದು:
ಮಾಡಿದೆ. ಈಗ ಜನ ಇರೋ ಕಡೆ ಹಾಡು ತುಂಡು ತುಂಡಾಗ್ತಿದೆ. ಎಡಗಡೆ ಬೇಸ್ ಅಂತೂ ಬರಲಿಲ್ಲ.

ಬಿಟ್‌ರೇಟ್990:
ಹಾಗಾದ್ರೆ ಮಲ್ಟಿಪಾಯಿಂಟ್ (ಒಟ್ಟಿಗೇ ಎರಡು ಸಾಧನಕ್ಕೆ ಜೋಡಿಸೋದು) ಆಫ್ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಯಾವುದಾದ್ರೂ ಮೀಟಿಂಗ್ ಆಪ್ ಮೈಕ್ ಹಿಡ್ಕೊಂಡು ಕೂತಿದ್ರೆ ಕಾಲ್‌ಗೆ ಬಳಸೋ ಹ್ಯಾಂಡ್ಸ್‌ಫ್ರೀ ಪ್ರೊಫೈಲ್‌ಗೆ ಬಿದ್ದುಬಿಡುತ್ತೆ, ಆಗ ಸದ್ದು ಹೀಗೇ ತೆಳ್ಳಗಾಗೋದು.

ಮಂದ್ರದವ:
ಹ್ಯಾಂಡ್ಸ್‌ಫ್ರೀ ಆದ್ರೆ ಎರಡೂ ಕಿವಿ ಒಟ್ಟಿಗೇ ಹಾಳಾಗ್ಬೇಕು, ಅದು ಮೋನೋ, ಎರಡೂ ಕಡೆ ಒಂದೇ ಸದ್ದು. ಕೋಡೆಕ್ ಒಂದು ಕಿವಿಯ ಬೇಸ್ ಮಾತ್ರ ತಿನ್ನಲ್ಲ ಸರ್. ಸಾದಾ ಎಸ್‌ಬಿಸಿ ಕೋಡೆಕ್ ಕೂಡ 40 ಹರ್ಟ್ಜ್‌ನ ತಗ್ಗಿನ ಸದ್ದನ್ನ ಸಲೀಸಾಗಿ ಹೊತ್ತು ತರುತ್ತೆ. ಸಿಗ್ನಲ್ ಕೆಟ್ಟರೆ ಸದ್ದು ಕಡಿದು ಕಡಿದು ಬರುತ್ತೆ, ತಗಡಾಗಲ್ಲ.

ಬಿಟ್‌ರೇಟ್990:
ಎಸ್‌ಬಿಸಿಗೂ ಎಲ್‌ಡ್ಯಾಕ್‌ಗೂ ವ್ಯತ್ಯಾಸ ಇಲ್ಲ ಅಂತೀರಾ? ನನಗೆ ಸ್ಪಷ್ಟವಾಗಿ ಗೊತ್ತಾಗುತ್ತೆ.

ಮಂದ್ರದವ:
ಹಾಗಂತ ನಾನು ಹೇಳಲೇ ಇಲ್ಲ. ಈ ತೊಂದರೆಗೂ ಅದಕ್ಕೂ ಸಂಬಂಧ ಇಲ್ಲ ಅಂದೆ ಅಷ್ಟೇ. ಗದ್ದಲದಲ್ಲಿ ಬಡ್ ಹಾಕ್ಕೊಂಡು ಕೂತಾಗ 660 ಮತ್ತು 990ರ ನಡುವಿನ ಅಂತರಕ್ಕಿಂತ ಬಡ್‌ನ ತುದಿಯ ಮೆತ್ತನೆ ಟಿಪ್‌ನ ಸಂದಿಯಿಂದ ಸೋರಿಹೋಗೋದು ಎಷ್ಟೋ ಪಾಲು ಜಾಸ್ತಿ.

ತಂತಿಬಿಡದವ:
ಇದಕ್ಕೇ ನಾನು ವೈರ್‌ಲೆಸ್ ಮುಟ್ಟೋದಿಲ್ಲ. ಮೂರು ಪದರದ ಸಿಲಿಕಾನ್ ಟಿಪ್, ತಂತಿ ಇರೋ ಐಇಎಂ (ಕಿವಿಯೊಳಗೆ ಕೂರೋ ಇಯರ್‌ಫೋನ್), ಜೊತೆಗೆ ಫೋನಿನ ಡಿಜಿಟಲ್ ಸದ್ದನ್ನ ಇಯರ್‌ಫೋನ್‌ಗೆ ಹೊಂದಿಸೋ ಬೆರಳುದ್ದದ ಡಾಂಗಲ್ ಡ್ಯಾಕ್. ಚಾರ್ಜ್ ಮಾಡೋ ಗೋಜಿಲ್ಲ, ಕೋಡೆಕ್ ಜಗಳ ಇಲ್ಲ. ಮೊನ್ನೆ ಹೊಸ ಕೇಬಲ್ ಹಾಕಿದೆ, ಹೆಣೆದ ತಾಮ್ರದ್ದು, ಕಿವಿ ಮೇಲೆ ಎಷ್ಟು ಮೆತ್ತಗೆ ಕೂರುತ್ತೆ ಅಂದ್ರೆ ಇದೆ ಅಂತಲೇ ಮರೆತುಹೋಗುತ್ತೆ. ಹೊರಗಿನ ಮಾತೂ ಒಳಗೆ ಬರಲ್ಲ.

ಮಂದ್ರದವ:
ಮಾತಿನ ಸದ್ದು ಟಿಪ್‌ನಿಂದಲೇ ನಿಲ್ಲುತ್ತೆ, ನಿಜ. ಫ್ಯಾನ್, ಎಂಜಿನ್‌ಗಳ ಗುಂಯ್‌ಗುಡುವಿಕೆ ಟಿಪ್‌ಗೆ ಅಷ್ಟಾಗಿ ಜಗ್ಗಲ್ಲ, ಅಲ್ಲೇ ಎಎನ್‌ಸಿ ಬೇಕಾಗೋದು. 100 ಹರ್ಟ್ಜ್ ಅಲೆಯ ಉದ್ದ ಸುಮಾರು 3.4 ಮೀಟರ್. ಅಂಥ ನಿಧಾನದ ಅಲೆಗೆ ಅದನ್ನ ಅಳಿಸೋ ತಿರುಗುಮುರುಗು ಅಲೆ ಹೊಂದಿಸೋದು ಸುಲಭ. 5,000 ಹರ್ಟ್ಜ್‌ಗೆ ಬಂದರೆ ಅದು 7 ಸೆಂಟಿಮೀಟರ್ ಕೂಡ ಇಲ್ಲ, ಒಂಚೂರು ತಡವಾದ್ರೂ ಲೆಕ್ಕ ತಪ್ಪುತ್ತೆ. ಉಪಾಯ ಹಳೇದೇ, ಪಾಲ್ ಲ್ಯೂಗ್ ಅನ್ನೋರಿಗೆ 1936ರಲ್ಲೇ ಅಮೆರಿಕದ ಪೇಟೆಂಟ್ ಸಿಕ್ಕಿತ್ತು.

ತಗಡುಸದ್ದು ಅವರೇ, ಒಂದು ಕೆಲಸ ಮಾಡಿ. ಟೋನ್ ಜನರೇಟರ್ ಆಪ್‌ನಲ್ಲಿ 40 ಹರ್ಟ್ಜ್ ಹಾಕಿ, ಸದ್ದು ಕಮ್ಮಿ ಇಟ್ಟುಕೊಳ್ಳಿ. ಎಡಗಡೆ ಬಡ್ ಅನ್ನು ಬೆರಳಲ್ಲಿ ಮೆಲ್ಲಗೆ ಒಳಕ್ಕೆ ಒತ್ತಿ. ಒತ್ತಿದಾಗ ಬೇಸ್ ಉಕ್ಕಿ ಬಂದು, ಬಿಟ್ಟ ಕೂಡಲೇ ಇಳಿದುಹೋದ್ರೆ ಡ್ರೈವರ್ ಚೆನ್ನಾಗೇ ಇದೆ, ಗಾಳಿ ಸೋರ್ತಿದೆ ಅಂತ ಅರ್ಥ. ಇನ್ನೊಂದು ಪ್ರಶ್ನೆ, ಫಿಟ್ ಟೆಸ್ಟ್ ಮಾಡಿದ್ದು ಯಾವಾಗ?

ತಗಡುಸದ್ದು:
ಬಡ್ ತಂದ ಮೊದಲ ದಿನ. ಯಾಕೆ?

ಈಗ ಒತ್ತಿ ನೋಡಿದೆ. ಬೇಸ್ ಬಂತು! ಕೈ ಬಿಟ್ಟೆ, ಹೋಯ್ತು. ಹತ್ತು ಸಲ ಮಾಡಿದೆ, ಹತ್ತು ಸಲವೂ ಹೀಗೇ.

ಮಂದ್ರದವ:
ಮೊದಲ ದಿನದಿಂದ ಈಚೆಗೆ ಏನಾದ್ರೂ ಬದಲಾಯಿಸಿದ್ರಾ?

ತಗಡುಸದ್ದು:
ಎಡಗಡೆ ಟಿಪ್ ಹರಿದಿತ್ತು. ಹಳೇ ಇಯರ್‌ಫೋನ್‌ದು ತೆಗೆದು ಹಾಕಿದ್ದೆ. ಸೈಜ್ ಎರಡೂ ಮೀಡಿಯಂ, ಅದಕ್ಕೇ ಬರೆಯಲಿಲ್ಲ.

ಬಿಟ್‌ರೇಟ್990:
ಇದನ್ನ ಮೊದಲೇ ಹೇಳಿದ್ರೆ ಕೋಡೆಕ್ ಮಾತೇ ಬರ್ತಿರಲಿಲ್ಲ. ಆದ್ರೂ ಮಲ್ಟಿಪಾಯಿಂಟ್ ಒಂದ್ಸಲ ಆಫ್ ಮಾಡಿ ನೋಡಿ.

ಮಂದ್ರದವ:
ಟಿಪ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ನಾಝಲ್ (ಟಿಪ್ ಕೂರೋ ಕೊಳವೆ) ಗುಂಡಗಿದೆಯಾ, ಮೊಟ್ಟೆಯಾಕಾರದಲ್ಲಿದೆಯಾ?

ತಗಡುಸದ್ದು:
ಮೊಟ್ಟೆಯಾಕಾರ. ಹಳೇ ಟಿಪ್‌ನ ತೂತು ಗುಂಡಗೆ. ಹಾಕಿ ಟಾರ್ಚ್ ಬಿಟ್ಟು ನೋಡಿದ್ರೆ ಎರಡು ಪಕ್ಕದಲ್ಲೂ ಉಗುರಿನ ಅಂಚಿನಷ್ಟು ಸಂದಿ ಕಾಣ್ತಿದೆ. ಜಾಲರಿ ಮೇಲೆ ಹಳದಿ ಗುಗ್ಗೆನೂ ತೆಳ್ಳಗೆ ಕೂತಿದೆ.

ಮಂದ್ರದವ:
ಅಲ್ಲಿಂದಲೇ ಸೋರ್ತಿದೆ. ಬೇಸ್ ಹೊರಗೆ ಹೋಗುತ್ತೆ, ಫ್ಯಾನಿನ ಸದ್ದು ಒಳಗೆ ಬರುತ್ತೆ, ಎಎನ್‌ಸಿಯ ಎದುರಲೆಯೂ ಅದೇ ಸಂದಿಯಲ್ಲಿ ಕರಗಿಹೋಗುತ್ತೆ. ಗುಗ್ಗೆಗೆ ಪಿನ್ ಹಾಕ್ಬೇಡಿ, ನೀರೂ ಬೇಡ. ಜಾಲರಿ ಕೆಳಮುಖ ಮಾಡಿ ಹಿಡಿದು, ಒಣಗಿದ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ಉದುರಿದ್ದು ಕೆಳಗೆ ಬೀಳಲಿ. ಆಮೇಲೆ ಬಲಗಡೆಯ ಟಿಪ್ ಎಡಕ್ಕೆ ಹಾಕಿ ಕೇಳಿ.

ತಂತಿಬಿಡದವ:
ಫೋಮ್ ಟಿಪ್ ಹಾಕಿಸಿ. ಬೆರಳಲ್ಲಿ ಹೊಸೆದು ಒಳಗೆ ಇಟ್ಟು, ಅರ್ಧ ನಿಮಿಷ ಹಿಡ್ಕೊಂಡ್ರೆ ಉಬ್ಬಿ ಕೂತುಬಿಡುತ್ತೆ.

ಮಂದ್ರದವ:
ಒಳ್ಳೇದೇ, ಆದ್ರೆ ಅದೂ ಇದೇ ನಾಝಲ್‌ಗೆ ಮಾಡಿದ್ದಾಗಿರಬೇಕು. ಮೇಲಿನ ಸ್ವರ ಒಂಚೂರು ಮೆತ್ತಗಾಗುತ್ತೆ. ಕೇಸ್‌ನ ಮುಚ್ಚಳ ಹಾಕೋಕೂ ಆಗ್ಬೇಕು.

ಹೊಸಕಿವಿ:
ಇದೇ ಜಾಗದಲ್ಲಿ ಕೇಳ್ತಿದ್ದೀನಿ, ಕ್ಷಮಿಸಿ. ನನ್ನ ಬಲಗಡೆ ಬಡ್ ಎಎನ್‌ಸಿ ಆನ್ ಮಾಡಿ ಅಂಗೈಯಲ್ಲಿ ಮುಚ್ಚಿದ್ರೆ ಕುಂಯ್ ಅಂತ ಕೂಗುತ್ತೆ. ಇದೂ ಟಿಪ್ ತೊಂದರೆನಾ?

ತಗಡುಸದ್ದು:
ಬಲಗಡೆ ಟಿಪ್ ಎಡಕ್ಕೆ ಹಾಕಿದೆ. ಬೇಸ್ ಬಂತು, ಕೈಯಲ್ಲಿ ಒತ್ತದೆಯೇ ಬಂತು! ಫ್ಯಾನ್ ಸದ್ದೂ ಅಡಗಿತು. ಮಂದ್ರದವರೇ, ತುಂಬಾ ಉಪಕಾರ ಆಯ್ತು, ಹೊಸ ಬಡ್‌ಗೆ ದುಡ್ಡು ಸುರಿಯೋಕೆ ಹೊರಟಿದ್ದೆ. ಇನ್ನೊಂದೇ ಪ್ರಶ್ನೆ. ಮಾತಾಡುವಾಗ, ಅಗಿಯುವಾಗ ಎಡಗಡೆ ಮಾತ್ರ ಫ್ಯಾನ್ ಸದ್ದು ಬಂದು ಬಂದು ಹೋಗುತ್ತೆ.

ಮಂದ್ರದವ:
ದವಡೆ ಆಡಿದಾಗ ಕಿವಿ ತೂತಿನ ಆಕಾರ ಬದಲಾಗುತ್ತೆ. ಎರಡೂ ಕಿವಿ ಒಂದೇ ಅಳತೆ ಇರಬೇಕು ಅಂತೇನಿಲ್ಲ, ಎಡಕ್ಕೆ ಲಾರ್ಜ್, ಬಲಕ್ಕೆ ಮೀಡಿಯಂ ಹಾಕ್ಕೊಳ್ಳೋರು ಬೇಕಾದಷ್ಟು ಜನ ಇದ್ದಾರೆ. ಬಾಕ್ಸ್‌ನಲ್ಲಿ ಬಂದಿದ್ದ ಲಾರ್ಜ್ ಹಾಕಿ, ಫಿಟ್ ಟೆಸ್ಟ್ ಮತ್ತೆ ಮಾಡಿ. ಅರ್ಧ ಗಂಟೆ ಆದ್ಮೇಲೆ ಕಿವಿ ನೋವು ಬಂದ್ರೆ ಮಾತ್ರ ಬೇಡ.

ತಗಡುಸದ್ದು:
ಬಾಕ್ಸ್ ಹುಡುಕ್ತಿದ್ದೀನಿ. ರಾತ್ರಿ ಬರೀತೀನಿ.

ಹೊಸಕಿವಿ:
ನನ್ನದು ಯಾರಾದ್ರೂ ನೋಡಿದ್ರಾ?