ಪುಟ್ಟ ಬರಹಗಳ ಕೆಳಗೂ ಲೈಸೆನ್ಸ್ ಸಾಲು ಬೇಕೇ? ಹಾಕಿ ನೋಡಿದವರ ಅನುಭವ

ಪ್ರಶ್ನೆ: ಅಂತರ್ಜಾಲದಲ್ಲಿ ನಾನು ಬರೆಯುವ ಪ್ರತಿಕ್ರಿಯೆಗಳು ಕೆಲವೊಮ್ಮೆ ಒಂದೆರಡು ಪುಟದಷ್ಟಾಗುತ್ತವೆ. ಅವುಗಳ ಕೆಳಗೆ ಕಾಪಿರೈಟ್ ಸಾಲೋ, ಷರತ್ತಿನ ಮೇಲೆ ಯಾರಿಗಾದರೂ ಬಳಸಲು ಮೊದಲೇ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸೋ ಹಾಕಿದರೆ ಪ್ರಯೋಜನ ಉಂಟೇ?

ಉತ್ತರ 1: ಎರಡು ವರ್ಷ ಎಲ್ಲದಕ್ಕೂ ಹಾಕಿದೆ, ಆಮೇಲೆ ಬಿಟ್ಟೆ. "ಹೌದು, ನೀವು ಹೇಳಿದ್ದು ಸರಿ" ಅನ್ನುವ ಮಾತಿನ ಕೆಳಗೆ ಮೂರು ಸಾಲಿನ ಎಚ್ಚರಿಕೆ ಇದ್ದರೆ ಓದುವವರಿಗೆ ಕಿರಿಕಿರಿ. ಅಷ್ಟು ಚಿಕ್ಕ ಮಾತಿಗೆ ಹಕ್ಕುಸ್ವಾಮ್ಯ ಸಿಗುವುದೂ ಕಷ್ಟ. ಈಗ ನನ್ನ ಪರಿಚಯದ ಪುಟದಲ್ಲಿ ಒಮ್ಮೆ ಬರೆದಿಟ್ಟಿದ್ದೇನೆ.

ಉತ್ತರ 2: ಸಾಲು ಹಾಕಿದರೆ ಮಾತ್ರ ಹಕ್ಕು ಹುಟ್ಟುತ್ತದೆ ಅಂತ ನಾನೂ ನಂಬಿದ್ದೆ. ಹಾಗಿಲ್ಲ. ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಬರೆದ ಕ್ಷಣದಿಂದಲೇ ಹಕ್ಕು ಬರೆದವರದು; ನೋಂದಣಿಯೂ ಬೇಡ, ಸೂಚನೆಯೂ ಬೇಡ. ಅಮೆರಿಕದಲ್ಲಿ ಬಹುಕಾಲ ಸೂಚನೆ ಮರೆತರೆ ಹಕ್ಕೇ ಕೈತಪ್ಪುವ ಭಯವಿತ್ತು. 1989ರ ಮಾರ್ಚ್‌ನಲ್ಲಿ ಆ ದೇಶವೂ ಒಪ್ಪಂದಕ್ಕೆ ಬಂದಾಗ ಹೊಸ ಬರಹಗಳಿಗೆ ಆ ಕಡ್ಡಾಯ ಹೋಯಿತು. ಅಂದರೆ ತಡೆಯುವ ಹಕ್ಕು ಹೇಗೂ ನಿಮ್ಮಲ್ಲಿದೆ. ಕೊಡುವ ಮನಸ್ಸಿದ್ದರೆ ಬಾಯಿಬಿಟ್ಟು ಹೇಳಬೇಕು, ಲೈಸೆನ್ಸ್ ಇರುವುದು ಅದಕ್ಕೆ.

ಇದು ನನಗೆ ಅರ್ಥವಾದದ್ದು ತಡವಾಗಿ. ಭಿನ್ನರಾಶಿಯನ್ನು ಭಾಗಿಸುವಾಗ ಎರಡನೆಯದನ್ನು ಯಾಕೆ ತಲೆಕೆಳಗು ಮಾಡಿ ಗುಣಿಸುತ್ತೇವೆ ಅಂತ ರೊಟ್ಟಿಯ ತುಂಡುಗಳ ಲೆಕ್ಕದಲ್ಲಿ ವಿವರಿಸಿ ಬರೆದಿದ್ದೆ. ಕೆಳಗೆ ಅಭ್ಯಾಸಬಲದಿಂದ ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎನ್‌ಸಿ-ಎನ್‌ಡಿ ಲೈಸೆನ್ಸ್ ಹಾಕಿದ್ದೆ: ಹೆಸರು ಹೇಳಬೇಕು, ವ್ಯಾಪಾರಕ್ಕೆ ಬಳಸಬಾರದು, ತಿದ್ದಿ ಹಂಚಬಾರದು. ಒಬ್ಬ ಶಿಕ್ಷಕಿಗೆ ಅದನ್ನು ಅರ್ಧಕ್ಕೆ ಇಳಿಸಿ, ಮಾತು ಸರಳ ಮಾಡಿ ತರಗತಿಯಲ್ಲಿ ಹಂಚುವ ಆಸೆ. ಎನ್‌ಡಿ ನೋಡಿ, ನಿಯಮ ಮೀರದೆ, ಅನುಮತಿ ಕೇಳಿ ಮೇಲ್ ಬರೆದರು. ಅದು ನನ್ನ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಮೂರು ತಿಂಗಳು ಕೂತಿತ್ತು. ನಾನು ನೋಡುವ ಹೊತ್ತಿಗೆ ಆ ಪಾಠ ಮುಗಿದಿತ್ತು. ಆ ಮಕ್ಕಳ ಕೈಗೆ ಅದು ಸಿಗದಂತೆ ಮಾಡಿದ್ದು ನಾನೇ ಹಾಕಿದ ಎರಡಕ್ಷರ. ಇಂದಿಗೂ ಬೇಜಾರಾಗುತ್ತದೆ.

ಈಗ ನಾನು ಬಳಸುವ ಸಾಲು ಇಷ್ಟೇ: "ಈ ಬರಹವನ್ನು ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0 ಲೈಸೆನ್ಸ್ ಅಡಿ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು; ನನ್ನ ಹೆಸರು ಹೇಳಿ, ಬದಲಾವಣೆ ತಿಳಿಸಿ, ಇದೇ ಲೈಸೆನ್ಸ್‌ನಲ್ಲಿ ಹಂಚಿ." ಜೊತೆಗೆ ಲೈಸೆನ್ಸ್ ಪುಟದ ಕೊಂಡಿ. ವಿಕಿಪೀಡಿಯದ ಪಠ್ಯಕ್ಕಿರುವುದೂ ಇದೇ. ಬರಿದೇ "ಕ್ರಿಯೇಟಿವ್ ಕಾಮನ್ಸ್" ಅಂತ ಬರೆದರೆ ಯಾವುದೆಂದು ಗೊತ್ತಾಗುವುದಿಲ್ಲ, ಹೆಸರು ಮತ್ತು ಆವೃತ್ತಿ ಎರಡೂ ಬೇಕು. ಒಮ್ಮೆ ಕೊಟ್ಟ ಅನುಮತಿಯನ್ನು ವಾಪಸ್ ಪಡೆಯಲಾಗದು. ಸಾಲು ಅಳಿಸಿದರೂ ಆಗಲೇ ತೆಗೆದುಕೊಂಡವರ ಹಕ್ಕು ಉಳಿಯುತ್ತದೆ. ಆದ್ದರಿಂದ ಒಂದು ರಾತ್ರಿ ಯೋಚಿಸಿಯೇ ಹಾಕಿ.

ಇನ್ನೊಂದು: ಬರೆಯುವ ತಾಣಕ್ಕೆ ಖಾತೆ ತೆರೆಯುವಾಗಲೇ ನೀವು ಅನುಮತಿ ಕೊಟ್ಟಿರುತ್ತೀರಿ. ಅದನ್ನು ಕೆಳಗಿನ ಸಾಲು ರದ್ದು ಮಾಡುವುದಿಲ್ಲ. 2012ರಲ್ಲಿ ಫೇಸ್‌ಬುಕ್‌ನಲ್ಲಿ ಹರಿದಾಡಿದ "ನನ್ನ ಬರಹ ಬಳಸಲು ಅನುಮತಿ ಇಲ್ಲ" ಎಂಬ ಪ್ರಕಟಣೆಗೆ ಬೆಲೆ ಇರಲಿಲ್ಲ. ಷರತ್ತುಗಳನ್ನು ಮೊದಲೇ ಓದುವುದೊಂದೇ ದಾರಿ.

ಉತ್ತರ 3: ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ನಿಮ್ಮ ಬರಹದಲ್ಲಿ ಬೇರೆಯವರ ಪದ್ಯವೋ ಚಿತ್ರವೋ ಇದ್ದರೆ ಅದಕ್ಕೆ ನೀವು ಲೈಸೆನ್ಸ್ ಕೊಡಲಾರಿರಿ. "ಉಲ್ಲೇಖಿಸಿದ ಭಾಗಗಳನ್ನು ಬಿಟ್ಟು" ಅನ್ನುವ ಮೂರು ಪದ ಮರೆಯಬೇಡಿ. ನಾನು ಮರೆತಿದ್ದೆ, ಚಿತ್ರ ತೆಗೆದವರು ಬಂದು ಕೇಳಿದರು, ಕ್ಷಮೆ ಕೇಳಿ ತಿದ್ದಿದೆ.