ಲಂಬ ರೇಖೆಯ ಇಳಿಜಾರು: ಲೆಕ್ಕ ಸರಿಯಿದ್ದರೂ ಹಾಳೆಯ ಮೇಲೆ 90 ಡಿಗ್ರಿ ಏಕೆ ಬರುತ್ತಿಲ್ಲ?

ಪ್ರಶ್ನೆ (ಪಾಲಕರು, ಶಿರಸಿ)

ಮಾನ್ಯರೇ, ಪ್ರಥಮ ಪಿಯುಸಿ ಓದುತ್ತಿರುವ ನನ್ನ ಮಗಳು 3ಎಕ್ಸ್ − 4ವೈ + 12 = 0 ರೇಖೆಗೆ (4, 6) ಬಿಂದುವಿನಲ್ಲಿ ಲಂಬವಾಗಿರುವ ರೇಖೆಯ ಇಳಿಜಾರನ್ನು ಕಂಡುಹಿಡಿಯಬೇಕಿತ್ತು. ಮೊದಲ ರೇಖೆಯ ಇಳಿಜಾರು 3/4 ಆದ್ದರಿಂದ ಎರಡನೆಯದು −4/3 ಎಂದು ಸೂತ್ರದಂತೆ ಬರೆದಿದ್ದಾಳೆ. ಆದರೆ ಎಕ್ಸ್ ಅಕ್ಷದಲ್ಲಿ 1 ಸೆಂ.ಮೀ.ಗೆ 1 ಮಾನ, ವೈ ಅಕ್ಷದಲ್ಲಿ 1 ಸೆಂ.ಮೀ.ಗೆ 2 ಮಾನ ಇಟ್ಟುಕೊಂಡು ಗ್ರಾಫ್ ಎಳೆದು ಕೋನಮಾಪಕ ಹಿಡಿದರೆ 54 ಡಿಗ್ರಿಯ ಆಸುಪಾಸು ಬರುತ್ತಿದೆ. ಭಿನ್ನರಾಶಿಯನ್ನು ತಿರುಗುಮುರುಗು ಮಾಡುವುದೇಕೆ, ಋಣ ಚಿಹ್ನೆ ಎಲ್ಲಿಂದ ಬಂತು ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1 (ಗಣಿತ ಉಪನ್ಯಾಸಕ, ಕಾರವಾರ)

ಮಗಳ ಉತ್ತರ ಸರಿಯಾಗಿದೆ. ಇಳಿಜಾರು 3/4 ಎಂದರೆ ರೇಖೆಯ ಮೇಲೆ ಬಲಕ್ಕೆ 4 ಮಾನ ಸರಿದಾಗ ಮೇಲಕ್ಕೆ 3 ಮಾನ ಏರುತ್ತೇವೆ ಎಂದರ್ಥ. ಈ ಎರಡು ಭುಜಗಳಿಂದಾಗುವ ಲಂಬಕೋನ ತ್ರಿಭುಜವನ್ನು ರಟ್ಟಿನಲ್ಲಿ ಕತ್ತರಿಸಿ, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ ನೋಡಲಿ. ಬಲಕ್ಕೆ ಮಲಗಿದ್ದ 4 ಈಗ ಮೇಲಕ್ಕೆ ನಿಲ್ಲುತ್ತದೆ. ಮೇಲಕ್ಕೆ ನಿಂತಿದ್ದ 3 ಎಡಕ್ಕೆ ಮಲಗುತ್ತದೆ. ಏರಿಕೆ 4, ಅಡ್ಡ ಸರಿತ −3. ಆದ್ದರಿಂದ ಇಳಿಜಾರು −4/3. ಭುಜಗಳು ಜಾಗ ಬದಲಿಸಿದ್ದರಿಂದ ಭಿನ್ನರಾಶಿ ತಿರುಗಿತು, ಒಂದು ಭುಜ ಎಡಕ್ಕೆ ಹೋದದ್ದರಿಂದ ಋಣ ಚಿಹ್ನೆ ಬಂತು. ಇಳಿಜಾರುಗಳ ಗುಣಲಬ್ಧ −1 ಎಂಬ ನಿಯಮವನ್ನು ಕಾರಣ ಹೇಳದೆ ಬಾಯಿಪಾಠ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ.

ಉತ್ತರ 2 (ರಸ್ತೆ ಸರ್ವೆ ಕೆಲಸದವನು, ಕುಮಟಾ)

ಕೋನ ತಪ್ಪಲು ಕಾರಣ ಅಕ್ಷಗಳ ಪ್ರಮಾಣ. ವೈ ಅಕ್ಷದ 2 ಮಾನಗಳನ್ನು 1 ಸೆಂ.ಮೀ.ಗೆ ಇಳಿಸಿದ ಮೇಲೆ ಹಾಳೆಯಲ್ಲಿ ಮೂಡುವ ಇಳಿಜಾರುಗಳು 3/8 ಮತ್ತು −2/3. ಅವುಗಳ ಗುಣಲಬ್ಧ −1/4 ಆಗುವುದರಿಂದ ಅಲ್ಲಿ ಲಂಬಕೋನ ಬರಲು ಸಾಧ್ಯವೇ ಇಲ್ಲ, ಮತ್ತು ಲೆಕ್ಕ ಹಾಕಿದರೆ ಸುಮಾರು 54 ಡಿಗ್ರಿಯೇ ಬರುತ್ತದೆ. ಮಗಳು ಅಳತೆಯನ್ನು ಚೊಕ್ಕವಾಗಿ ಮಾಡಿದ್ದಾಳೆ. ದೇವಿಮನೆ ಘಟ್ಟದಂಥ ಏರುರಸ್ತೆಯ ಎಲ್-ಸೆಕ್ಷನ್ ನಕ್ಷೆಯಲ್ಲಿ (ರಸ್ತೆಯ ಉದ್ದಕ್ಕೂ ಎತ್ತರ ಹೇಗೆ ಬದಲಾಗುತ್ತದೆ ಎಂದು ತೋರಿಸುವ ನಕ್ಷೆ) ಎತ್ತರವನ್ನು ಉದ್ದಕ್ಕಿಂತ 10 ಪಟ್ಟು ಹಿಗ್ಗಿಸಿ ಬರೆಯುವ ರೂಢಿಯಿದೆ. 20 ಮೀಟರಿಗೆ 1 ಮೀಟರ್ ಏರುವ ರಸ್ತೆ ಅಲ್ಲಿ 2ಕ್ಕೆ 1ರಂತೆ ಕಡಿದಾಗಿ ಕಾಣುತ್ತದೆ. ಆ ನಕ್ಷೆಯ ಮೇಲೆ ಯಾರೂ ಕೋನಮಾಪಕ ಇಡುವುದಿಲ್ಲ. ಎರಡೂ ಅಕ್ಷಗಳಿಗೆ ಒಂದೇ ಪ್ರಮಾಣ ಇಟ್ಟು ಮತ್ತೆ ಎಳೆಯಲಿ.

ಪ್ರಶ್ನೆ ಕೇಳಿದವರು

ಒಂದೇ ಪ್ರಮಾಣದಲ್ಲಿ ಎಳೆದಾಗ 90 ಬಂತು, ಧನ್ಯವಾದಗಳು. ಹಾಗಾದರೆ ವೈ = 2 ರೇಖೆಗೆ ಈ ನಿಯಮವನ್ನು ಅನ್ವಯಿಸುವುದು ಹೇಗೆ? ಅದರ ಇಳಿಜಾರು ಸೊನ್ನೆಯಲ್ಲವೇ?

ಉತ್ತರ 3 (ಗಣಿತ ಉಪನ್ಯಾಸಕ, ಕಾರವಾರ)

ಅಲ್ಲಿ ಗುಣಲಬ್ಧದ ನಿಯಮ ನಡೆಯುವುದಿಲ್ಲ. ಅದಕ್ಕೆ ಲಂಬವಾದ ಎಕ್ಸ್ = 5ರಂಥ ನೆಟ್ಟನೆಯ ರೇಖೆಯಲ್ಲಿ ಅಡ್ಡ ಸರಿತ ಸೊನ್ನೆಯಾಗಿರುವುದರಿಂದ, ಸೊನ್ನೆಯಿಂದ ಭಾಗಿಸಲಾಗದೆ ಇಳಿಜಾರು ಎಂಬುದೇ ಇರುವುದಿಲ್ಲ. ಇಂಥ ಕಡೆ ಸಮೀಕರಣಗಳ ಸಹಗುಣಕಗಳನ್ನೇ ನೋಡುವುದು ಒಳ್ಳೆಯದು: ಎಕ್ಸ್‌ನ ಸಹಗುಣಕಗಳ ಗುಣಲಬ್ಧಕ್ಕೆ ವೈನ ಸಹಗುಣಕಗಳ ಗುಣಲಬ್ಧವನ್ನು ಕೂಡಿಸಿದಾಗ ಸೊನ್ನೆ ಬಂದರೆ ರೇಖೆಗಳು ಲಂಬ. ಮಗಳ ಲೆಕ್ಕದ ಲಂಬ ರೇಖೆ 4ಎಕ್ಸ್ + 3ವೈ − 34 = 0; ಅಲ್ಲಿ 3 × 4 + (−4) × 3 = 0. ಎಕ್ಸ್ = 5 ಮತ್ತು ವೈ = 2 ರೇಖೆಗಳಿಗೂ 1 × 0 + 0 × 1 = 0.