ಟೊಮೆಟೊಗೆ ಮೂತ್ರ ಹಾಕಿದ ಮೇಲೆ ಎಲೆಯಂಚು ಸುಡುತ್ತಿದೆ, ಅಳತೆ ಎಲ್ಲಿ ತಪ್ಪಿತು?

ಕೈತೋಟಿಗ: ಮನೆಯವರದೇ ಮೂತ್ರ, ಕ್ಯಾನಿನಲ್ಲಿ ಎರಡು ತಿಂಗಳು ಇಟ್ಟದ್ದು. ಒಂದು ಪಾಲಿಗೆ ಐದು ಪಾಲು ನೀರು ಬೆರೆಸಿ, ಎರಡು ದಿನಕ್ಕೊಮ್ಮೆ ಗಿಡಕ್ಕೆ ಒಂದು ಲೀಟರ್ ಹಾಕುತ್ತಿದ್ದೇನೆ. ಗಿಡ ಕಡುಹಸಿರು, ಹೂವು ಕಡಿಮೆ, ಹಳೆ ಎಲೆಗಳ ಅಂಚು ಕಂದು. ಕ್ಯಾನಿನ ತಳದಲ್ಲಿ ಬಿಳಿ ಗಸಿ ಕೂತಿದೆ. ಅದನ್ನು ಚೆಲ್ಲಬೇಕೇ?

ಮಣ್ಣುಗುಣ: ನೀರು ಎಷ್ಟು ಬೆರೆಸಿದಿರಿ ಅನ್ನುವುದಕ್ಕಿಂತ ಒಟ್ಟು ಮೂತ್ರ ಎಷ್ಟು ಬಿತ್ತು ಅನ್ನುವುದೇ ಲೆಕ್ಕ. ಒಂದು ಬೆಳೆಗೆ ಚದರ ಮೀಟರಿಗೆ ಸುಮಾರು 1.5 ಲೀಟರ್ ಬರಿ ಮೂತ್ರ ಸಾಕು. ಅಷ್ಟು ಜಾಗದಲ್ಲಿ ಎರಡು ಗಿಡ ಅಂದರೆ ಗಿಡಕ್ಕೆ 750 ಮಿ.ಲೀ. ನಿಮ್ಮ ಒಂದು ಲೀಟರಿನಲ್ಲಿ ಹೆಚ್ಚುಕಡಿಮೆ 165 ಮಿ.ಲೀ. ಮೂತ್ರ ಇದೆ, ಐದೇ ಸಲಕ್ಕೆ ಇಡೀ ಬೆಳೆಯ ಪಾಲು ಮುಗಿಯಿತು! ಸಾರಜನಕ ಅತಿಯಾಗಿ ಎಲೆ ಸೊಕ್ಕಿದೆ, ಉಪ್ಪು ಕೂತು ಅಂಚು ಸುಟ್ಟಿದೆ.

ಈಗಲೇ ನಿಲ್ಲಿಸಿ. ನೀರು ಬಸಿಯುವ ಮಣ್ಣಾದರೆ ಎರಡು ಮೂರು ಸಲ ಬರಿ ನೀರು ಧಾರಾಳವಾಗಿ ಹಾಯಿಸಿ. ಮುಂದಿನ ಬೆಳೆಗೆ ಗಿಡಕ್ಕೆ ವಾರಕ್ಕೆ 100 ಮಿ.ಲೀ. ಮೂತ್ರದಂತೆ ಏಳು ವಾರ ಕೊಡಿ. ಬುಡದಿಂದ ಒಂದು ಗೇಣು ದೂರ ಸಣ್ಣ ಕಾಲುವೆ ತೆಗೆದು, ಸುರಿದ ತಕ್ಷಣ ಮಣ್ಣು ಎಳೆಯಿರಿ. ತೆರೆದಿಟ್ಟರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೂಗಿಗೆ ಘಾಟು ಹೊಡೆದರೆ ಗೊಬ್ಬರ ಗಾಳಿಪಾಲಾಗುತ್ತಿದೆ ಎಂದೇ ಅರ್ಥ.

ಬೇರುನೀರು: ಗಸಿ ದಯವಿಟ್ಟು ಚೆಲ್ಲಬೇಡಿ, ರಂಜಕದ ಒಂದು ಪಾಲು ಅದರಲ್ಲಿದೆ. ಮೂತ್ರ ಹಳತಾದಂತೆ ಯೂರಿಯಾ ಒಡೆದು ಕ್ಷಾರ ಏರುತ್ತದೆ (ಪಿಎಚ್ 9ರ ಆಸುಪಾಸು), ಆಗ ಸ್ವಲ್ಪ ರಂಜಕ ಮೆಗ್ನೀಸಿಯಂ ಜೊತೆ ಹರಳುಗಟ್ಟಿ ಕೆಳಗಿಳಿಯುತ್ತದೆ. ಕ್ಯಾನು ಅಲುಗಾಡಿಸಿ ಬಳಸಿ. ಪ್ಲಾಸ್ಟಿಕ್ ಕ್ಯಾನೇ ಇರಲಿ, ಲೋಹ ತುಕ್ಕು ಹಿಡಿಯುತ್ತದೆ. ಕಂಠದವರೆಗೆ ತುಂಬಿಸಿ, ಮುಚ್ಚಳ ಬಿಗಿ ಮಾಡಿ. ಬೂದಿಯನ್ನು ಕ್ಯಾನಿಗೆ ಹಾಕಬೇಡಿ, ಅಮೋನಿಯಾ ಇನ್ನೂ ಬೇಗ ಹಾರುತ್ತದೆ. ಬೇಕಾದರೆ ಬೇರೆ ದಿನ ಮಣ್ಣಿಗೆ ಹಾಕಿ.

ಮಣ್ಣುಗುಣ: ಇನ್ನೊಂದು ಮಾತು. ಮನೆಯವರದೇ ಮೂತ್ರ ಮನೆಯವರೇ ತಿನ್ನುವ ಬೆಳೆಗಾದರೆ ಕೂಡಿಡಲೇಬೇಕೆಂದಿಲ್ಲ, ಆದರೆ ಕೊನೆಯ ಸಲ ಹಾಕಿ ಕೊಯ್ಲಿಗೆ ಒಂದು ತಿಂಗಳು ಅಂತರ ಬೇಕು. ಟೊಮೆಟೊ ಬಿಡಿಸುತ್ತಲೇ ಇರುವ ಬೆಳೆಯಾದ್ದರಿಂದ ಕಾಯಿ ಕಚ್ಚುವಾಗಲೇ ನಿಲ್ಲಿಸಿಬಿಡಿ. ಹಲವು ಮನೆಗಳದ್ದಾದರೆ 2006ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 20 ಡಿಗ್ರಿ ಅಥವಾ ಹೆಚ್ಚಿನ ಉಷ್ಣತೆಯಲ್ಲಿ ಆರು ತಿಂಗಳು ಇಡಬೇಕು. ರೋಗದ ಭಯ ಬರುವುದು ಮುಖ್ಯವಾಗಿ ಮಲ ಸೇರಿದಾಗ.

ಕೈತೋಟಿಗ: ಹನಿ ನೀರಾವರಿ ಪೈಪಿನಲ್ಲೇ ಬಿಡಬಹುದೇ?

ಬೇರುನೀರು: ಬೇಡ. ಅದೇ ಬಿಳಿ ಹರಳು ತೂತುಗಳಲ್ಲಿ ಕಟ್ಟಿಕೊಳ್ಳುತ್ತದೆ. ಮೂತಿ ತೆಗೆದ ನೀರುಡಬ್ಬಿಯಲ್ಲಿ ಸುರಿಯಿರಿ.